ವಜ್ರದ ದೋಷವೇ ಅದರ ಕಥೆ

ಪಣಂಬೂರಿನ ಕಲ್ಲಿದ್ದಲಿನಿಂದ ವಜ್ರಕರೂರಿನ ಹೊಲದವರೆಗೆ, ಬಿಜಾಪುರ ಸೀಮೆಯ ಗಣಿಯಿಂದ ಬೆಂಗಳೂರಿನ ಪ್ರಯೋಗಾಲಯದವರೆಗೆ ಒಂದು ಕಲ್ಲಿನ ಜಾಡು

ಕಾಟಿಪಳ್ಳದವರಿಗೆ ಇಂಗಾಲ ಹೊಸದಲ್ಲ. ನವಮಂಗಳೂರು ಬಂದರಿಗಾಗಿ ಪಣಂಬೂರು ಸುತ್ತಮುತ್ತಲ ನೆಲ ಬಿಟ್ಟುಕೊಟ್ಟ ಕುಟುಂಬಗಳು ಬಂದು ನೆಲೆಸಿದ್ದು ಕಾಟಿಪಳ್ಳ–ಕೃಷ್ಣಾಪುರದಲ್ಲಿ. ಆ ಬಂದರಿನಲ್ಲಿ ಇಂದು ಹಡಗುಗಳಿಂದ ಕಲ್ಲಿದ್ದಲು ಇಳಿಯುತ್ತದೆ. ಸಮೀಪದ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರದಲ್ಲಿ ಕಚ್ಚಾತೈಲದಿಂದ ತೆಗೆಯಬಹುದಾದದ್ದನ್ನೆಲ್ಲ ತೆಗೆದ ಮೇಲೆ ಉಳಿಯುವ ಗಷ್ಟು ಪೆಟ್‌ಕೋಕ್ ಆಗಿ ಹೊರಬರುತ್ತದೆ. ಇವೆರಡರಲ್ಲೂ ಬಹುಪಾಲು ಇರುವುದು ಇಂಗಾಲ. ಸುರತ್ಕಲ್ ಪೇಟೆಯ ಚಿನ್ನದಂಗಡಿಯಲ್ಲಿ ಮದುಮಗಳಿಗೆಂದು ಆರಿಸುವ ಮೂಗುಬೊಟ್ಟಿನ ವಜ್ರವೂ ಇಂಗಾಲವೇ. ಒಂದನ್ನು ಲಾರಿಯ ಲೆಕ್ಕದಲ್ಲಿ ಮಾರುತ್ತೇವೆ, ಇನ್ನೊಂದನ್ನು ಕ್ಯಾರೆಟ್ ಲೆಕ್ಕದಲ್ಲಿ. ಐದು ಕ್ಯಾರೆಟ್ ಸೇರಿದರೆ ಒಂದು ಗ್ರಾಂ.

ಈ ಸಂಬಂಧವನ್ನು ಮೊದಲು ಬಯಲು ಮಾಡಿದ್ದು ಬೆಂಕಿ. 1772ರಲ್ಲಿ ಫ್ರಾನ್ಸಿನ ಆಂಟ್ವಾನ್ ಲವಾಸಿಯೆ ದೊಡ್ಡ ಮಸೂರದಿಂದ ಬಿಸಿಲನ್ನು ವಜ್ರದ ಮೇಲೆ ಬೀಳಿಸಿ ಅದನ್ನು ಸುಟ್ಟ. ಆಗ ಹೊರಟ ಅನಿಲ ಸುಣ್ಣದ ತಿಳಿನೀರನ್ನು ಬೆಳ್ಳಗಾಗಿಸಿತು. ಇದ್ದಿಲು ಸುಟ್ಟರೂ ಹಾಗೆಯೇ ಆಗುತ್ತಿತ್ತು. 1797ರಲ್ಲಿ ಇಂಗ್ಲೆಂಡಿನ ಸ್ಮಿತ್ಸನ್ ಟೆನೆಂಟ್ ಎರಡನ್ನೂ ತೂಗಿ ಸುಟ್ಟು, ಸಮತೂಕದ ವಜ್ರ ಮತ್ತು ಇದ್ದಿಲಿನಿಂದ ಹೊರಡುವ ಅನಿಲವೂ ಸಮ ಎಂದು ತೋರಿಸಿದ.

ವ್ಯತ್ಯಾಸ ಇರುವುದು ಜೋಡಣೆಯಲ್ಲಿ. ಪೆನ್ಸಿಲ್ ಕಡ್ಡಿಯ ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಪದರ ಪದರವಾಗಿವೆ. ಪದರಗಳ ನಡುವಿನ ಹಿಡಿತ ಸಡಿಲವಾದ್ದರಿಂದ ಕಾಗದಕ್ಕೆ ಉಜ್ಜಿದರೆ ಕಳಚಿಕೊಳ್ಳುತ್ತವೆ. ವಜ್ರದಲ್ಲಿ ಪ್ರತಿ ಪರಮಾಣುವೂ ಸುತ್ತಲಿನ ನಾಲ್ಕು ಪರಮಾಣುಗಳನ್ನು ಒಂದೇ ಬಲದಿಂದ ಹಿಡಿದಿದೆ. ಅದರ ಗಡಸುತನಕ್ಕೆ ಇದೇ ಕಾರಣ. ಒಳಹೊಕ್ಕ ಬೆಳಕನ್ನು ವಜ್ರ ಬಲವಾಗಿ ಬಾಗಿಸುತ್ತದೆ, ಒಳಗೊಳಗೇ ಪ್ರತಿಫಲಿಸುತ್ತದೆ, ಬಣ್ಣಗಳಾಗಿ ಬಿಡಿಸಿ ಹೊರಗೆ ಕಳಿಸುತ್ತದೆ. ‘ವಜ್ರಕಾಯ’ ಎಂದು ಹೊಗಳುವ ನಾವು ಒಂದು ಮಾತು ನೆನಪಿಡಬೇಕು: ವಜ್ರದ ಮೇಲೆ ಗೀರು ಮೂಡಿಸುವುದು ಕಷ್ಟ, ಆದರೆ ಸರಿಯಾದ ಮಗ್ಗುಲಲ್ಲಿ ಏಟು ಬಿದ್ದರೆ ಅದು ಸೀಳಿಹೋಗುತ್ತದೆ.

ಧಾರವಾಡದ ಹೆಸರಿನ ನೆಲದಡಿ

ವಜ್ರ ಹುಟ್ಟಲು ಸಾಮಾನ್ಯವಾಗಿ 150 ಕಿಲೋಮೀಟರಿಗೂ ಹೆಚ್ಚಿನ ಆಳ ಬೇಕು. ಅಲ್ಲಿನ ಒತ್ತಡ ನಮ್ಮ ಮೇಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 50,000 ಪಟ್ಟು ಹೆಚ್ಚು, ಶಾಖ ಸಾವಿರ ಡಿಗ್ರಿಯ ಆಸುಪಾಸು. ಇಂಥ ಸ್ಥಿತಿ ಸಿಗುವುದು ಬಹಳ ಪುರಾತನ ಭೂಖಂಡಗಳ ದಪ್ಪ ಬುಡದಲ್ಲಿ. ಭೂವಿಜ್ಞಾನಿಗಳು ಅಂಥ ಭಾಗವನ್ನು ಕ್ರೇಟಾನ್ ಎನ್ನುತ್ತಾರೆ. ದಕ್ಷಿಣ ಭಾರತದ ಹಳೆಯ ಕ್ರೇಟಾನ್‌ಗೆ ಜಗತ್ತಿನ ಪುಸ್ತಕಗಳಲ್ಲೆಲ್ಲ ಇರುವುದು ನಮ್ಮ ಧಾರವಾಡದ ಹೆಸರು. ಕರಾವಳಿಯಲ್ಲಿ ಮನೆ ಕಟ್ಟಲು ಕಡಿಯುವ ಮುರಕಲ್ಲಿನ ಪದರದಡಿ ಇರುವುದೂ ಇಂಥದೇ ಪುರಾತನ ಶಿಲೆ.

ಆಳದಲ್ಲಿ ಹುಟ್ಟಿದ ವಜ್ರ ತಾನಾಗಿ ಮೇಲೆ ಬರಲಾರದು. ಕಿಂಬರ್ಲೈಟ್ ಎಂಬ ಶಿಲಾರಸ ಭೂಮಿಯನ್ನು ಸೀಳಿಕೊಂಡು ವೇಗವಾಗಿ ನುಗ್ಗುವಾಗ ದಾರಿಯಲ್ಲಿ ಸಿಕ್ಕ ವಜ್ರಗಳನ್ನೂ ಹೊತ್ತು ತರುತ್ತದೆ. ನಿಧಾನವಾಗಿ ಬಂದಿದ್ದರೆ ಅವು ಗ್ರಾಫೈಟ್ ಆಗಿಬಿಡುತ್ತಿದ್ದವು. ಬಳ್ಳಾರಿಯಿಂದ ಗುಂತಕಲ್ ದಾಟಿದರೆ ಸಿಗುವ ಅನಂತಪುರ ಜಿಲ್ಲೆಯ ವಜ್ರಕರೂರಿನಲ್ಲಿ ಇಂಥ ಕಿಂಬರ್ಲೈಟ್ ಕೊಳವೆಗಳಿವೆ. ಅಲ್ಲಿ ಶಿಲಾರಸ ಹೀಗೆ ನುಗ್ಗಿ ಬಂದದ್ದು ಸುಮಾರು 110 ಕೋಟಿ ವರ್ಷಗಳ ಹಿಂದೆ, ಭೂಮಿಯ ಮೇಲೆ ಗಿಡಮರಗಳೇ ಇಲ್ಲದ ಕಾಲದಲ್ಲಿ.

ಮುಂಗಾರಿನ ಮೊದಲ ಮಳೆ ಬಿದ್ದು ಮೇಲ್ಮಣ್ಣು ತೊಳೆದುಹೋದರೆ ವಜ್ರಕರೂರು, ಜೊನ್ನಗಿರಿ, ತುಗ್ಗಲಿಯ ಹೊಲಗಳಲ್ಲಿ ಜನ ನೆಲ ನೋಡುತ್ತ ನಡೆಯುತ್ತಾರೆ. ಬಳ್ಳಾರಿ ಕಡೆಯವರೂ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಕಲ್ಲು ಸಿಗುವುದು ಎಲ್ಲೋ ಒಬ್ಬರಿಗೆ. ಕೂಲಿ ಬಿಟ್ಟು ಬಂದ ಉಳಿದವರೆಲ್ಲ ಬರಿಗೈಯಲ್ಲಿ ಮರಳುತ್ತಾರೆ, ಮರುವರ್ಷ ಮತ್ತೆ ಬರುತ್ತಾರೆ. ಅವರನ್ನು ಆಸೆಬುರುಕರು ಎನ್ನಲು ನನಗೆ ಮನಸ್ಸಾಗದು. ಒಂದು ಕಲ್ಲಿನಿಂದ ಸಾಲ ತೀರಬಹುದು ಎಂಬ ನಂಬಿಕೆ ಬರಗಾಲದ ಸೀಮೆಯಲ್ಲಿ ಸಣ್ಣದಲ್ಲ.

ಬಟ್ಟೆಯಡಿಯ ಬೆರಳುಗಳು

ಹದಿನೆಂಟನೆಯ ಶತಮಾನದಲ್ಲಿ ಬ್ರೆಜಿಲ್‌ನಲ್ಲಿ ವಜ್ರ ಸಿಗುವವರೆಗೂ ಜಗತ್ತಿಗೆ ವಜ್ರವೆಂದರೆ ಹೆಚ್ಚುಕಡಿಮೆ ಭಾರತವೇ. ಹಂಪಿಯಲ್ಲಿ ಮುತ್ತುರತ್ನಗಳನ್ನು ಬಳ್ಳದಲ್ಲಿ ಅಳೆದು ಮಾರುತ್ತಿದ್ದರೆಂದು ಹೇಳುತ್ತ ಬಂದಿದ್ದೇವೆ. ದೊಡ್ಡ ವಜ್ರಗಳ ಮಾತು ಬೇರೆ ಇತ್ತು. ಹದಿನಾರನೆಯ ಶತಮಾನದ ಪೋರ್ಚುಗೀಸ್ ವರ್ತಕ ಫೆರ್ನಾವ್ ನೂನಿಜ್ ಬರೆದಿಟ್ಟಿರುವಂತೆ, ಗಣಿಸೀಮೆಯ ಒಡೆಯ ವರ್ಷಕ್ಕೆ 40,000 ಪರದಾವ್ ಹೊನ್ನು ಕಪ್ಪ ಕೊಡಬೇಕಿತ್ತು. 20 ಮಂಜಾಡಿ ತೂಕ ಮೀರಿದ ವಜ್ರವೆಲ್ಲ ವಿಜಯನಗರದ ರಾಯರ ಬೊಕ್ಕಸಕ್ಕೇ ಸೇರಬೇಕಿತ್ತು.

ವಿಜಯನಗರ ಬಿದ್ದ ಮೇಲೆ ಬಂದ ಫ್ರೆಂಚ್ ರತ್ನವ್ಯಾಪಾರಿ ಝಾನ್ ಬಾಪ್ಟಿಸ್ಟ್ ಟಾವೆರ್ನಿಯೆ, ತಾನು ಮೊದಲು ನೋಡಿದ ವಜ್ರದ ಗಣಿ ಬಿಜಾಪುರದ ಸುಲ್ತಾನರ ರಾಜ್ಯದ ಕರ್ನಾಟಕ ಸೀಮೆಯಲ್ಲಿತ್ತು ಎನ್ನುತ್ತಾನೆ. ಅದನ್ನು ಆತ ರಾವೋಲ್ಕೊಂಡ ಎಂದು ಕರೆದಿದ್ದಾನೆ. ಅಲ್ಲಿನ ವರ್ತಕರ ಮಕ್ಕಳು, ಹತ್ತರಿಂದ ಹದಿನಾರರ ವಯಸ್ಸಿನವರು, ಬೆಳಗ್ಗೆ ಊರ ಮರದಡಿ ಕೂರುತ್ತಿದ್ದರು. ಪ್ರತಿಯೊಬ್ಬರ ಮಗ್ಗುಲಲ್ಲೂ ತೂಕದ ಬಟ್ಟುಗಳ ಚೀಲ, ಹೊನ್ನಿನ ಗಂಟು. ಯಾರಾದರೂ ಕಲ್ಲು ತಂದರೆ ಅದು ಮೊದಲು ಹಿರಿಯ ಹುಡುಗನ ಕೈಗೆ, ಅವನಿಂದ ಒಬ್ಬೊಬ್ಬರ ಕೈಗೆ ಹೋಗಿ ಮಾತಿಲ್ಲದೆ ಮರಳುತ್ತಿತ್ತು. ಸಂಜೆ ಕಲ್ಲುಗಳನ್ನು ವಿಂಗಡಿಸಿ, ದೊಡ್ಡ ವರ್ತಕರಿಗೆ ಮಾರಿ, ಲಾಭ ಹಂಚಿಕೊಳ್ಳುತ್ತಿದ್ದರು.

ದೊಡ್ಡವರ ವ್ಯಾಪಾರ ಇನ್ನೂ ಮೌನದ್ದು. ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು, ಬಟ್ಟೆಯ ಮರೆಯಲ್ಲಿ ಕೈ ಹಿಡಿದು ಬೆರಳಿನಲ್ಲೇ ಬೆಲೆ ಹೇಳುತ್ತಿದ್ದರು. ಇಡೀ ಕೈ ಹಿಡಿದರೆ ಸಾವಿರ, ಒಂದು ಬೆರಳಿಗೆ ನೂರು. ಸುತ್ತ ನಿಂತವರಿಗೆ ಏನೂ ತಿಳಿಯುತ್ತಿರಲಿಲ್ಲ. ನಮ್ಮ ದನದ ಜಾತ್ರೆಗಳಲ್ಲಿ ಟವೆಲ್ ಮುಚ್ಚಿ ನಡೆಸುವ ವ್ಯಾಪಾರ ಕಂಡವರಿಗೆ ಇದು ಅಪರಿಚಿತವಲ್ಲ.

ಪುರಂದರದಾಸರ ಬದುಕಿನ ಬಗ್ಗೆ ಜನ ಹೇಳಿಕೊಂಡು ಬಂದ ಕಥೆ ತಿರುವು ಪಡೆಯುವುದೂ ಒಂದು ಮೂಗುತಿಯಿಂದ. ದಾಸರಾಗುವ ಮುನ್ನ ಆತ ಶ್ರೀಮಂತ ವ್ಯಾಪಾರಿ ಶ್ರೀನಿವಾಸ ನಾಯಕ. ಬಡ ಬ್ರಾಹ್ಮಣನೊಬ್ಬ ಬೇಡಿದಾಗ ಹೆಂಡತಿ ಸರಸ್ವತಿಬಾಯಿ ತನ್ನ ಮೂಗುತಿಯನ್ನೇ ಬಿಚ್ಚಿಕೊಟ್ಟಳು. ಆ ಮೂಗುತಿ ಗಂಡನ ಅಂಗಡಿಗೇ ಮಾರಾಟಕ್ಕೆ ಬಂತು. ಸಂಪತ್ತಿನ ಮೇಲಿನ ಅವನ ಹಿಡಿತ ಕಳಚಿದ್ದು ಅಲ್ಲಿ. ರತ್ನಗಳ ಪೇಟೆಯಾಗಿದ್ದ ನಾಡು ತನ್ನ ದೊಡ್ಡ ದಾಸನನ್ನು ನೆನೆಯುವಾಗ, ಒಡವೆ ಕೊಂಡವನಿಗಿಂತ ಬಿಟ್ಟುಕೊಟ್ಟವಳನ್ನು ಮುಂದಿಡುತ್ತದೆ.

ಓಲೆ ಬೇಡ, ಪುಸ್ತಕ ಕೊಡಿ

ಒಡವೆ ಬೇಡವೆಂದ ಇನ್ನೊಬ್ಬ ಹೆಣ್ಣುಮಗಳು ವಜ್ರವನ್ನು ಯಾವ ರಾಣಿಗಿಂತಲೂ ಹತ್ತಿರದಿಂದ ನೋಡಿದಳು. ಕೇರಳದ ಪೀರುಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ ಅವರಿಗೆ ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯ ವಾಡಿಕೆಯಂತೆ ವಜ್ರದೋಲೆ ಕೊಡಲು ಹೊರಟಾಗ, ಅವರು ಕೇಳಿದ್ದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು. 1940ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಸರ್ ಸಿ.ವಿ. ರಾಮನ್ ಅವರ ಪ್ರಯೋಗಾಲಯಕ್ಕೆ ಬಂದರು. ಆಗ ರಾಮನ್ ಅವರಿಗೆ ವಜ್ರದ ಗುಂಗು. ಕಲ್ಲುಗಳನ್ನು ಕೂಡಿಹಾಕಿ, ಶಿಷ್ಯರೆಲ್ಲರ ಕೈಗೂ ವಜ್ರದ ಒಂದಿಲ್ಲೊಂದು ಪ್ರಶ್ನೆ ಕೊಟ್ಟಿದ್ದರು.

ಅನ್ನಾ ಮಣಿ ಮೂವತ್ತಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಕಲ್ಲನ್ನು ದ್ರವೀಕರಿಸಿದ ಗಾಳಿಯ ಚಳಿಯಲ್ಲಿಟ್ಟು, ಅದು ಸೂಸುವ ಕ್ಷೀಣ ಬೆಳಕನ್ನು ಛಾಯಾಫಲಕದ ಮೇಲೆ ಹಿಡಿಯಬೇಕಿತ್ತು. ಒಂದು ಚಿತ್ರಕ್ಕೆ 15–20 ಗಂಟೆ ಹಿಡಿಯುತ್ತಿದ್ದುದರಿಂದ ಅನೇಕ ರಾತ್ರಿಗಳು ಪ್ರಯೋಗಾಲಯದಲ್ಲೇ ಕಳೆದವು. 1942ರಿಂದ 1945ರವರೆಗೆ ಒಬ್ಬರೇ ಐದು ಪ್ರಬಂಧ ಪ್ರಕಟಿಸಿದರು. ಆದರೂ ಎಂ.ಎಸ್ಸಿ. ಪದವಿ ಇಲ್ಲವೆಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಡಲಿಲ್ಲ. ಅದು ಅನ್ಯಾಯ. ಅವರು ಎದೆಗುಂದದೆ ಹವಾಮಾನ ವಿಜ್ಞಾನಕ್ಕೆ ಹೊರಳಿ, ದೇಶದ ಹವಾಮಾನ ಉಪಕರಣಗಳನ್ನು ಇಲ್ಲೇ ತಯಾರಿಸುವ ದಾರಿ ಹಾಕಿಕೊಟ್ಟರು.

ಅನ್ನಾ ಮಣಿ ಅಳೆದ ಆ ಬೆಳಕು ನಮ್ಮ ಮನೆಗಳ ಒಡವೆಯಲ್ಲೂ ಇದೆ. ಅಜ್ಜಿಯರ ಕಾಲದ ಓಲೆಯ ಕಲ್ಲನ್ನು ‘ಬ್ಲೂ ಜಾಗರ್’ ಎಂದು ಹೆಮ್ಮೆಯಿಂದ ತೋರಿಸುವವರಿದ್ದಾರೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯಿಂದ ಬಂದ ಹೆಸರು ಅದು. ಅನೇಕ ವಜ್ರಗಳು ಬಿಸಿಲಿನಲ್ಲಿ, ನೇರಳಾತೀತ ಕಿರಣದಲ್ಲಿ ನೀಲಿಯಾಗಿ ಮಿನುಗಲು ಕಾರಣ ಒಳಗೆ ಸೇರಿಕೊಂಡ ನೈಟ್ರೋಜನ್. ಒಂದು ಪರಮಾಣುವಿನ ಖಾಲಿ ಜಾಗದ ಸುತ್ತ ಮೂರು ನೈಟ್ರೋಜನ್ ಪರಮಾಣುಗಳು ಕೂತರೆ ಆ ನೀಲಿ ಬೆಳಕು ಹೊರಡುತ್ತದೆ. ಅಪ್ಪಟ ಇಂಗಾಲದ ಲೆಕ್ಕದಲ್ಲಿ ಅದೊಂದು ದೋಷ. ವಿಜ್ಞಾನಿಗೆ ಅದೇ ಓದಬೇಕಾದ ಅಕ್ಷರ.

ವಜ್ರದೊಳಗೆ ಸಿಕ್ಕಿಕೊಂಡ ಚುಕ್ಕಿಗಳ ಮಾತೂ ಇದೇ. ಪೇಟೆಯಲ್ಲಿ ಅವು ಬೆಲೆ ಇಳಿಸುತ್ತವೆ. ಆದರೆ ವಜ್ರದ ವಯಸ್ಸು ತಿಳಿಯುವುದು ಅಂಥ ಖನಿಜದ ಕಣಗಳಿಂದ. ಕೆಲವು ವಜ್ರಗಳ ವಯಸ್ಸು 300 ಕೋಟಿ ವರ್ಷ ಮೀರಿದೆ. ಬ್ರೆಜಿಲ್‌ನ ಒಂದು ಸಾಧಾರಣ ವಜ್ರದಲ್ಲಿ ರಿಂಗ್‌ವುಡೈಟ್ ಎಂಬ ಖನಿಜದ ಕಣ ಸಿಕ್ಕಿದ ವರದಿ 2014ರಲ್ಲಿ ಪ್ರಕಟವಾಯಿತು. 500 ಕಿಲೋಮೀಟರಿಗೂ ಹೆಚ್ಚಿನ ಆಳದ ಶಿಲೆಗಳು ತಮ್ಮ ಹರಳುಗಳಲ್ಲಿ ನೀರಿನ ಅಂಶ ಹಿಡಿದಿಟ್ಟಿವೆ ಎಂಬುದಕ್ಕೆ ಅದು ಸಾಕ್ಷಿಯಾಯಿತು. ಒಡವೆಗೆ ಬಾರದ ಕಲ್ಲು ಭೂಮಿಯ ಒಡಲಿನ ಸುದ್ದಿ ತಂದಿತ್ತು.

ಕೊಳ್ಳುವ ಮುನ್ನ

ಬೆಲೆ ಕಟ್ಟಿದ್ದು ಮನುಷ್ಯರು. 1867ರ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ವಜ್ರ ಸಿಕ್ಕಿ, ಹೇರಳವಾಗಿ ಪೇಟೆಗೆ ಬರತೊಡಗಿತು. 1888ರಲ್ಲಿ ಹುಟ್ಟಿದ ಡಿ ಬೀರ್ಸ್ ಕಂಪನಿ ಪೂರೈಕೆಯನ್ನು ಹಿಡಿತದಲ್ಲಿಟ್ಟು ಬೆಲೆ ಕಾಯ್ದುಕೊಂಡಿತು. ವಜ್ರ ಶಾಶ್ವತವೆಂಬ ಅದರ ಜಾಹೀರಾತಿನ ಮಾತು 1947ರದ್ದು. 1954ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲೇ ವಜ್ರ ತಯಾರಾಯಿತು. ಇಂದು ಅಂಥ ವಜ್ರ ನಮ್ಮ ಪೇಟೆಗಳಿಗೂ ಬಂದಿದೆ. ಅದೂ ಅಪ್ಪಟ ವಜ್ರವೇ, ಗಣಿಯದಕ್ಕಿಂತ ಬಹಳ ಅಗ್ಗ. ಬರಿಗಣ್ಣಿಗೆ ವ್ಯತ್ಯಾಸ ಕಾಣದು, ಉಪಕರಣ ಬೇಕು.

ಆದ್ದರಿಂದ ಕೊಳ್ಳುವವರು ಕೆಲವು ವಿಷಯ ತಿಳಿದಿರಬೇಕು. ಕಲ್ಲು ಗಣಿಯದೋ ಪ್ರಯೋಗಾಲಯದ್ದೋ ಎಂದು ಕೇಳಿ, ಪ್ರಮಾಣಪತ್ರ ಪಡೆಯಿರಿ. ಕಷ್ಟಕಾಲದಲ್ಲಿ ಒಡವೆ ಅಡವಿಟ್ಟರೆ ಬ್ಯಾಂಕು ಕಲ್ಲಿನ ತೂಕ ಕಳೆದು ಚಿನ್ನಕ್ಕಷ್ಟೇ ಸಾಲ ಕೊಡುತ್ತದೆ. ವಜ್ರವನ್ನು ಉಳಿತಾಯವೆಂದು ಕೊಳ್ಳಬೇಡಿ, ಇಷ್ಟಪಟ್ಟು ಕೊಳ್ಳಿ.

ಇನ್ನೊಂದು ಮಾತು. ಅಂಗಡಿಯವರ ಬಳಿ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಇರುತ್ತದೆ. ಕಲ್ಲಿನ ದೋಷ ತೋರಿಸಿ ಎಂದು ಕೇಳಿ. ಬೆಲೆ ಇಳಿಸಲು ಕೇಳುವ ಪ್ರಶ್ನೆ ಎಂದು ಅವರು ಭಾವಿಸಬಹುದು, ಭಾವಿಸಲಿ. ಜೊತೆಯಲ್ಲಿರುವ ಮಗಳ ಕೈಗೂ ಆ ಮಸೂರ ಕೊಡಿ. ಗಣಿಯ ಕಲ್ಲಾಗಿದ್ದರೆ ಆ ಚುಕ್ಕಿ ನೂರೈವತ್ತು ಕಿಲೋಮೀಟರ್ ಆಳದಿಂದ ಬಂದದ್ದು, ನಮ್ಮ ಬೆಟ್ಟಗುಡ್ಡಗಳಿಗಿಂತ ಹಳೆಯದು ಎಂದು ತಿಳಿಸಿ ಹೇಳಿ. ಓಲೆಯನ್ನು ಅವಳು ಮದುವೆಗೆ ತೊಡಲಿ. ಮಸೂರದಲ್ಲಿ ನೋಡಿ ಕೇಳುವ ಅಭ್ಯಾಸವಾದರೆ ಅದು ಅವಳ ಬದುಕಿಡೀ ಉಪಯೋಗಕ್ಕೆ ಬರುತ್ತದೆ.