ಹೊಸ ಹೋಟೆಲ್, ಹಳೆಯ ಹೊಟ್ಟೆ

ಊರಿನಿಂದ ಬೆಂಗಳೂರಿಗೆ ಹೋಗಿ ದುಡಿಯುತ್ತಿರುವ ಮಗನಿಗೆ ರಾತ್ರಿ ಫೋನ್ ಮಾಡಿ "ಊಟ ಆಯ್ತಾ ಮಗಾ?" ಎಂದು ನೀವು ಕೇಳುತ್ತೀರಿ. "ಆಯ್ತು ಉಮ್ಮಾ" ಎಂಬ ಉತ್ತರ ಕೂಡಲೇ ಬರುತ್ತದೆ. ಎಲ್ಲಿ ಆಯ್ತು, ಎಷ್ಟು ಹೊತ್ತಿಗೆ ಆಯ್ತು, ಎಷ್ಟು ಕಡೆ ಆಯ್ತು ಎಂದು ಕೇಳಿದರೆ ಮಾತ್ರ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಒಂದೇ ರೂಮಿನ, ಒಂದೇ ಆಫೀಸಿನ ನಾಲ್ಕೈದು ಗೆಳೆಯರು ಸೇರಿ ವಾರಕ್ಕೊಂದು ಬಡಾವಣೆಯ ಹೋಟೆಲ್ ಹುಡುಕಿಕೊಂಡು ಹೋಗುವುದು ಈಗ ಸಾಮಾನ್ಯ. ಹಾಸ್ಟೆಲಿನಲ್ಲಿರುವ ಹೆಣ್ಣುಮಕ್ಕಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಈ ವಾರ ಫ್ರೇಜರ್ ಟೌನ್, ಮುಂದಿನ ವಾರ ಶಿವಾಜಿನಗರ, ಆಮೇಲೆ ಜಾನ್ಸನ್ ಮಾರ್ಕೆಟ್.

ಇದನ್ನು ನಿಲ್ಲಿಸಿ ಎಂದು ಹೇಳುವುದಕ್ಕೆ ನಾನು ಈ ಲೇಖನ ಬರೆಯುತ್ತಿಲ್ಲ. ಒಬ್ಬನೇ ಮಂಚದ ಮೇಲೆ ಕುಳಿತು, ಮೊಬೈಲ್ ನೋಡುತ್ತಾ, ಪಾರ್ಸೆಲ್ ಡಬ್ಬಿ ಖಾಲಿ ಮಾಡುವುದಕ್ಕಿಂತ ಗೆಳೆಯರ ಜೊತೆ ಕುಳಿತು ಮಾತಾಡುತ್ತಾ ಉಣ್ಣುವುದು ಎಷ್ಟೋ ಮೇಲು. ಯುನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅಗತ್ಯವಾದ ಆರು ಸಂಗತಿಗಳನ್ನು ಹೇಳುತ್ತಾರೆ: ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ಬೇಡದ್ದನ್ನು ಹೊರಹಾಕಿ ಬೇಕಾದ್ದನ್ನು ಉಳಿಸಿಕೊಳ್ಳುವುದು. ಮನಸ್ಸಿನ ಸ್ಥಿತಿಯೂ ಈ ಪಟ್ಟಿಯಲ್ಲಿದೆ ಎಂಬುದನ್ನು ಗಮನಿಸಿ. ದೊಡ್ಡ ನಗರದಲ್ಲಿ ಒಂಟಿಯಾಗಿರುವ ಹುಡುಗನಿಗೆ ವಾರದಲ್ಲೊಂದು ಸಂಜೆ ಗೆಳೆಯರ ನಗು ಸಿಕ್ಕರೆ ಅದೂ ಒಂದು ಮದ್ದೇ.

ಆದರೆ ಕ್ಲಿನಿಕ್ಕಿಗೆ ಸೋಮವಾರ ಬೆಳಿಗ್ಗೆ ಬರುವ ಯುವಕರನ್ನು ಕೇಳಿದರೆ, ಹೊಟ್ಟೆ ಕೆಟ್ಟ ಕಾರಣ ಬಹಳ ಸಲ ಹೋಟೆಲಿನ ಕೊಳಕಲ್ಲ, ಉಂಡ ಕ್ರಮ. ಮೊದಲ ಅಂಗಡಿಯಲ್ಲಿ ಸೀಖ್ ಕಬಾಬ್. ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ಕಡೆ ಬಿರಿಯಾನಿ. ಅಲ್ಲಿಂದ ಮಸೀದಿ ರಸ್ತೆಯ ತುದಿಯಲ್ಲಿ ಫಲೂದ. ರೂಮಿಗೆ ಹೊರಡುವ ಮುನ್ನ ಯಾರೋ "ಅಲ್ಲೊಂದು ಕಡೆ ರೋಲ್ ಚೆನ್ನಾಗಿರುತ್ತಂತೆ" ಅನ್ನುತ್ತಾರೆ. ಹೀಗೆ ಮೊದಲು ತಿಂದದ್ದು ಜೀರ್ಣವಾಗುವ ಮುನ್ನವೇ ಅದರ ಮೇಲೆ ಮತ್ತೊಂದನ್ನು ತುಂಬುವುದನ್ನು ನಮ್ಮ ಹಕೀಮರು 'ತದಾಖುಲ್' ಎಂದು ಕರೆದು, ಅದರ ಬಗ್ಗೆ ಎಚ್ಚರಿಸುತ್ತಾ ಬಂದಿದ್ದಾರೆ. ಇಂದಿನ ವೈದ್ಯಕೀಯ ಲೆಕ್ಕದಲ್ಲೂ ಎಣ್ಣೆ, ಮಾಂಸ ತುಂಬಿದ ಊಟ ಹೊಟ್ಟೆಯಿಂದ ಕರುಳಿಗೆ ಇಳಿಯಲು ನಾಲ್ಕು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಅನ್ನ ಅರ್ಧ ಬೆಂದಿರುವಾಗ ಅದೇ ಪಾತ್ರೆಗೆ ಹಸಿ ಅಕ್ಕಿ ಸುರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಅಡುಗೆ ಮಾಡುವವರಿಗೆ ಹೇಳಬೇಕಾಗಿಲ್ಲ.

ನಾಲ್ಕು ಅಂಗಡಿಯ ರುಚಿ ಒಂದೇ ಸಂಜೆ ನೋಡಲೇಬೇಕೆಂದಿದ್ದರೆ ದಾರಿಯಿದೆ. ಐದು ಜನರಿಗೆ ಐದು ಪ್ಲೇಟ್ ಹೇಳಬೇಡಿ, ಎರಡು ಪ್ಲೇಟ್ ಹೇಳಿ ಹಂಚಿಕೊಳ್ಳಿ. ಎಲ್ಲವನ್ನೂ ಒಂದು, ಒಂದೂವರೆ ಗಂಟೆಯೊಳಗೆ ಮುಗಿಸಿ. ಅಂಗಡಿಯಿಂದ ಅಂಗಡಿಗೆ ಬೈಕಿನಲ್ಲಿ ಹೋಗದೆ ನಡೆದು ಹೋಗಿ. ಊಟದ ನಂತರದ ನಡಿಗೆಗೆ ಉರ್ದುವಿನಲ್ಲಿ 'ಚಹಲ್ ಕದಮಿ' ಎಂಬ ಮಾತೇ ಇದೆ, ಅಂದರೆ ನಲವತ್ತು ಹೆಜ್ಜೆ. ನಲವತ್ತಕ್ಕೆ ನಿಲ್ಲಿಸಬೇಡಿ, ಅಷ್ಟೆ.

ರಮಝಾನಿನಲ್ಲಿ ಇದು ಇನ್ನೂ ಮುಖ್ಯ. ಮಸೀದಿ ರಸ್ತೆಯಲ್ಲಿ ಇಫ್ತಾರಿನಿಂದ ಸಹರಿಯವರೆಗೂ ತಿರುಗಾಡುವವರ ಹೊಟ್ಟೆ ಹಗಲೆಲ್ಲ ಖಾಲಿ, ರಾತ್ರಿಯೆಲ್ಲ ಭರ್ತಿ. 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿಯ ಭೇಜಾ ಪಫ್‌ನ ಹೆಸರು ಕೇಳಿ ದೂರದಿಂದ ಬರುವವರಿದ್ದಾರೆ, ತಿನ್ನಲಿ. ಆದರೆ ಭೇಜಾ, ಎಂದರೆ ಮೆದುಳು, ಕೊಲೆಸ್ಟರಾಲ್ ಅತಿ ಹೆಚ್ಚಿರುವ ಆಹಾರಗಳಲ್ಲಿ ಒಂದು. ಬಾಯಿರುಚಿಗೆ ಒಂದು ಸಾಕು. ಇನ್ನು ಭಾನುವಾರ ನಸುಕಿನಲ್ಲಿ ಹೊಸಕೋಟೆಯ ದಮ್ ಬಿರಿಯಾನಿಗೆ ಸಾಲು ನಿಲ್ಲುವವರು. ಇವರಲ್ಲಿ ಅನೇಕರು ರಾತ್ರಿಯಿಡೀ ಮಲಗದೆ ನೇರವಾಗಿ ಹೋಗುತ್ತಾರೆ. ನಿದ್ದೆಯಿಲ್ಲದ ದೇಹಕ್ಕೆ ಬೆಳಗಿನ ಐದು ಗಂಟೆಗೆ ಮಟನ್ ಬಿರಿಯಾನಿ! ಬಿರಿಯಾನಿಯನ್ನು ನಾನು ದೂರುತ್ತಿಲ್ಲ. ಮಲಗಿ ಎದ್ದು ಹೋಗಿ ಎನ್ನುತ್ತಿದ್ದೇನೆ. ಬೈಕ್ ಓಡಿಸುವವನು ನಿದ್ದೆಗಣ್ಣಿನಲ್ಲಿರುತ್ತಾನೆ ಎಂಬುದನ್ನೂ ನೆನಪಿಡಿ.

ಅಂಗಡಿಯಲ್ಲಿ ಏನು ನೋಡಬೇಕು?

ಹೊಸ ಜಾಗಕ್ಕೆ ಹೋದಾಗ ಮೆನು ನೋಡುವ ಮುನ್ನ ಕೈ ತೊಳೆಯುವ ಜಾಗ ನೋಡಿ. ಅಲ್ಲಿ ಸೋಪಿಲ್ಲವೆಂದರೆ ಅಡುಗೆಯವನೂ ಸೋಪಿಲ್ಲದೆಯೇ ಕೈ ತೊಳೆಯುತ್ತಿರಬಹುದು. ಜೇಬಿನ ಸ್ಯಾನಿಟೈಸರ್ ನಂಬಬೇಡಿ. ವಾಂತಿಭೇದಿ ತರುವ ನೊರೊವೈರಸ್ಸಿನ ಮೇಲೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಗೋಡೆಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ ಇದೆಯೇ ನೋಡಿ. ಹಲಾಲ್ ಫಲಕವನ್ನು ಹುಡುಕಿ ನೋಡುವ ನಾವು ಇದನ್ನು ನೋಡುವುದೇ ಇಲ್ಲ. ಮಾಂಸ ಹಲಾಲ್ ಆಗಿದ್ದರೆ ಸಾಲದು, ಶುಚಿಯೂ ಆಗಿರಬೇಕಲ್ಲವೇ?

ಬಿರಿಯಾನಿಯಲ್ಲಿ ಜನ ಮಾಂಸಕ್ಕೆ ಹೆದರುತ್ತಾರೆ. ನಾನು ಹೆದರುವುದು ಅನ್ನಕ್ಕೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಇರುತ್ತವೆ, ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅವು ಮೊಳೆತು ವಿಷ ಉಂಟುಮಾಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆದ್ದರಿಂದ ಮಧ್ಯಾಹ್ನದ ದೇಗ್ಚಿಯ ತಳದಲ್ಲಿ ಉಳಿದ ಬಿರಿಯಾನಿಯನ್ನು ರಾತ್ರಿ ಹನ್ನೊಂದಕ್ಕೆ ಬಿಸಿ ಮಾಡಿಸಿಕೊಂಡು ತಿನ್ನುವುದು ಜಾಣತನವಲ್ಲ. ಜನಸಂದಣಿಯ ಅಂಗಡಿ ಎಂದರೆ ದೇಗ್ಚಿ ಬೇಗ ಖಾಲಿಯಾಗುವ ಅಂಗಡಿ. ಕಾಯುವ ಕಷ್ಟವಿದ್ದರೂ ಈ ವಿಷಯದಲ್ಲಿ ಅದು ಒಳ್ಳೆಯದು. ತಿನ್ನುವಾಗ ಅನ್ನದಿಂದ ಹಬೆ ಏಳುತ್ತಿರಬೇಕು.

ಸೀಖ್ ಕಬಾಬ್ ಒಳಗೂ ಪೂರ್ತಿ ಬೆಂದಿರಬೇಕು. ಇಡೀ ತುಂಡಿನ ಮಾಂಸದಲ್ಲಿ ರೋಗಾಣುಗಳು ಹೆಚ್ಚಾಗಿ ಹೊರಮೈಯಲ್ಲಿರುತ್ತವೆ, ಕೆಂಡದ ಶಾಖಕ್ಕೆ ಸಾಯುತ್ತವೆ. ಖೀಮಾ ಮಾಡಿದಾಗ ಹೊರಗಿನದೆಲ್ಲ ಒಳಗೆ ಬೆರೆತುಹೋಗುತ್ತದೆ. ಮುರಿದು ನೋಡಿ, ನಡುವೆ ಕೆಂಪಿದ್ದರೆ ವಾಪಸು ಕೊಡಿ. ಸಂಕೋಚ ಬೇಡ, ದುಡ್ಡು ಕೊಡುವವರು ನೀವು.

ಶವರ್ಮದ ವಿಷಯ ತುಸು ಕಟುವಾಗಿಯೇ ಹೇಳುತ್ತೇನೆ. 2022ರ ಮೇ ತಿಂಗಳಲ್ಲಿ ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯಲ್ಲಿ ಶವರ್ಮ ತಿಂದು ಹಲವರು ಅಸ್ವಸ್ಥರಾಗಿ, ಶಾಲೆಗೆ ಹೋಗುವ ಹುಡುಗಿಯೊಬ್ಬಳು ತೀರಿಕೊಂಡಳು. ಶಿಗೆಲ್ಲಾ ಸೋಂಕು ಅಲ್ಲಿ ಪತ್ತೆಯಾಯಿತು. ಶವರ್ಮದ ಕಂಬದಲ್ಲಿ ಹೊರಪದರ ಮಾತ್ರ ಬೆಂದಿರುತ್ತದೆ, ಒಳಗೆ ಹಸಿಯೇ. ಗಿರಾಕಿಗಳು ಮುಗಿಬಿದ್ದಾಗ ಕತ್ತಿ ಬೇಯದ ಪದರಕ್ಕೂ ಇಳಿಯುತ್ತದೆ. ಹೆಚ್ಚಿದ ಮಾಂಸವನ್ನು ಮತ್ತೆ ತವಾದ ಮೇಲೆ ಹುರಿದು ಕೊಡುವ ಅಂಗಡಿಯನ್ನೇ ಆರಿಸಿ. ಜೊತೆಗೆ ಕೊಡುವ ಮಯೋನೈಸ್ ಹಸಿ ಮೊಟ್ಟೆಯದಾದರೆ ಅದರಲ್ಲಿ ಸಾಲ್ಮೊನೆಲ್ಲಾ ಬೆಳೆಯುವ ಭಯ. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೋನೈಸನ್ನು ನಿಷೇಧಿಸಿದವು. ಮಂದಿಯ ಜೊತೆ ಬರುವ ಆ ಬಿಳಿ ಬಟ್ಟಲನ್ನು ಪಕ್ಕಕ್ಕೆ ಸರಿಸಿಬಿಡಿ. ಟೊಮೆಟೊ ಚಟ್ನಿ ಇದ್ದೇ ಇರುತ್ತದೆ.

ಕೆಂಪು ಹೊಳೆಯುವ ಕಬಾಬ್ ಕಂಡರೆ ಹಿಗ್ಗಬೇಡಿ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮೈನ್-ಬಿ ಬಣ್ಣ ಹಾಕುವುದನ್ನು ತಡೆಯಿತು; ಜೂನ್‌ನಲ್ಲಿ ಕಬಾಬ್‌ಗಳಿಗೂ ಕೃತಕ ಬಣ್ಣ ನಿಷೇಧಿಸಿತು. ತಪ್ಪಿದವರಿಗೆ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಬ್ಯಾಡಗಿ ಮೆಣಸಿನ ಕೆಂಪು ಬೇರೆ, ಬೆರಳು ತೊಳೆದರೂ ಹೋಗದ ಕೆಂಪು ಬೇರೆ.

ಒಂದೇ ತಟ್ಟೆಯ ಸುತ್ತ

ಮಂದಿ ಹೋಟೆಲುಗಳಲ್ಲಿ ದೊಡ್ಡ ಥಾಲದ ಸುತ್ತ ಐದಾರು ಜನ ಕೂರುತ್ತಾರೆ. ನಮ್ಮ ಮನೆಗಳ ದಸ್ತರ್‌ಖಾನಿನ ಆತ್ಮೀಯತೆ ಅಲ್ಲಿ ಸಿಗುತ್ತದೆ. ಆದರೆ ಹಂಚಿದ ತಟ್ಟೆಯಲ್ಲಿ ನಾನೆಷ್ಟು ಉಂಡೆ ಎಂಬುದು ಗೊತ್ತೇ ಆಗುವುದಿಲ್ಲ. ಥಾಲ ಖಾಲಿಯಾಗುವವರೆಗೂ ಕೈ ಆಡುತ್ತಲೇ ಇರುತ್ತದೆ. ಇನ್ನೂ ಸ್ವಲ್ಪ ಹಸಿವಿರುವಾಗಲೇ ಎದ್ದುಬಿಡಿ ಎಂಬುದು ಹಕೀಮರ ಹಳೆಯ ಮಾತು. ಥಾಲದ ಮುಂದೆ ಅದು ಬಹಳ ಕಷ್ಟ. ನಿಮ್ಮ ಎದುರಿನ ಪಾಲನ್ನು ಮೊದಲೇ ಬೆರಳಿನಿಂದ ಗೆರೆ ಎಳೆದು ಬೇರೆ ಮಾಡಿಕೊಳ್ಳಿ. ಯಾರಿಗಾದರೂ ಎರಡು ದಿನದ ಹಿಂದೆ ಭೇದಿಯಾಗಿದ್ದರೆ ಅವರು ಬೇರೆ ತಟ್ಟೆ ಕೇಳಲಿ, ಉಳಿದವರು ಅದನ್ನು ಜಂಬವೆಂದು ತಿಳಿಯದಿರಲಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಐದಾರು ಗೆಳೆಯರಲ್ಲಿ ಒಬ್ಬನಿಗೆ ಸಕ್ಕರೆ ಕಾಯಿಲೆ ಇರುವುದು ಈಗ ಅಪರೂಪವಲ್ಲ, ಮೂವತ್ತರ ಒಳಗಿನವರಲ್ಲೂ ನೋಡುತ್ತಿದ್ದೇವೆ. ಅವನು ಅದನ್ನು ಗೆಳೆಯರಿಗೆ ಹೇಳಿರುವುದಿಲ್ಲ. ಮದುವೆಯ ಮಾತುಕತೆ ನಡೆಯುತ್ತಿದ್ದರಂತೂ ಮನೆಯವರೇ "ಯಾರಿಗೂ ಹೇಳಬೇಡ" ಅಂದಿರುತ್ತಾರೆ. ಇದರಲ್ಲಿ ಅಪಾಯ ಹೆಚ್ಚು ತಿನ್ನುವುದರಿಂದ ಮಾತ್ರವಲ್ಲ, ತಿನ್ನುವುದು ತಡವಾಗುವುದರಿಂದಲೂ ಬರುತ್ತದೆ. ಊಟಕ್ಕೆ ಮೊದಲು ತೆಗೆದುಕೊಳ್ಳುವ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮಾತ್ರೆಯನ್ನು ರೂಮಿನಲ್ಲೇ ಮುಗಿಸಿ ಹೊರಡುತ್ತಾನೆ. ದಾರಿಯಲ್ಲಿ ಟ್ರಾಫಿಕ್, ಹೋಟೆಲಿನಲ್ಲಿ ಟೇಬಲಿಗಾಗಿ ಮುಕ್ಕಾಲು ಗಂಟೆ, ಆರ್ಡರ್ ಬರಲು ಇನ್ನರ್ಧ ಗಂಟೆ. ಅಷ್ಟರಲ್ಲಿ ರಕ್ತದ ಸಕ್ಕರೆ ಇಳಿದು ಬೆವರು, ಕೈ ನಡುಕ, ಎದೆ ಬಡಿತ, ಅಸಂಬದ್ಧ ಮಾತು. ಗೆಳೆಯರು "ಹಸಿವಿಗೆ ಸಿಟ್ಟು ಬಂದಿದೆ" ಎಂದು ನಗುತ್ತಾರೆ.

ಹೀಗಾದರೆ ಬಿರಿಯಾನಿಗೆ ಕಾಯಬೇಡಿ. ಮೂರು ಟೀ ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕೊಡಿ, ಇಲ್ಲವೇ ಅರ್ಧ ಲೋಟ ಹಣ್ಣಿನ ರಸ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಚೇತರಿಸಿಕೊಂಡ ಮೇಲೆ ಊಟ ಮಾಡಲಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಹೊರಗೆ ಉಣ್ಣುವ ದಿನ ಔಷಧಿಯನ್ನು ಯಾವಾಗ ತೆಗೆದುಕೊಳ್ಳಬೇಕೆಂದು ನಿಮ್ಮ ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ತಾಯಂದಿರೇ, ನಿಮ್ಮ ಮಗನಿಗೆ ಈ ಕಾಯಿಲೆ ಇದ್ದರೆ ಅವನ ರೂಮಿನ ಒಬ್ಬ ಗೆಳೆಯನಿಗಾದರೂ ಹೇಳಿರಲು ಒತ್ತಾಯಿಸಿ. ಮುಚ್ಚಿಡುವುದು ಮರ್ಯಾದೆಯ ಪ್ರಶ್ನೆಯಾಗಿ ಕಾಣಬಹುದು, ಆದರೆ ಆ ಹೊತ್ತಿನಲ್ಲಿ ಅವನ ಪಕ್ಕದಲ್ಲಿರುವವರು ನೀವಲ್ಲ, ಆ ಗೆಳೆಯರು.

ಹೊಟ್ಟೆ ಕೆಟ್ಟಾಗ ಎಲ್ಲರೂ ಕೊನೆಗೆ ತಿಂದ ಅಂಗಡಿಯನ್ನು ಬೈಯುತ್ತಾರೆ. ಕೆಟ್ಟ ಅನ್ನದ ವಾಂತಿ ಒಂದರಿಂದ ಆರು ಗಂಟೆಯೊಳಗೆ ಬರುವುದು ನಿಜ, ಆದರೆ ಸಾಲ್ಮೊನೆಲ್ಲಾ ಎರಡು ಮೂರು ದಿನ ಬಿಟ್ಟೂ ಕಾಡಬಹುದು. ವಾಂತಿಭೇದಿಗೆ ಮೊದಲ ಮದ್ದು ಓಆರ್‌ಎಸ್; ಒಂದು ಲೀಟರಿನ ಪ್ಯಾಕೆಟ್ಟನ್ನು ಒಂದು ಲೀಟರ್ ನೀರಿಗೇ ಪೂರ್ತಿ ಹಾಕಿ, ಲೋಟಕ್ಕಿಷ್ಟು ಎಂದು ಅಂದಾಜು ಮಾಡಬೇಡಿ. ಮಲದಲ್ಲಿ ರಕ್ತ, ಜೋರು ಜ್ವರ, ನೀರೂ ನಿಲ್ಲದ ವಾಂತಿ, ಆರೆಂಟು ಗಂಟೆ ಮೂತ್ರವಿಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಹೋಗಿ. ನನ್ನಂಥ ಹಕೀಮರ ಚೂರ್ಣಕ್ಕೆ ಅಲ್ಲಿ ಕೆಲಸವಿಲ್ಲ.

ಬರೀ ಹೊಟ್ಟೆಭಾರ, ಹುಳಿತೇಗು ಇದ್ದರೆ ಮಾತ್ರ ಸೋಂಪು ಕುದಿಸಿದ ಬಿಸಿನೀರು ಕುಡಿದು, ಮುಂದಿನ ಒಂದು ಹೊತ್ತಿನ ಊಟ ಬಿಡಿ. ಜೀರಿಗೆ, ಶುಂಠಿ ಸೇರಿದ ಜವಾರಿಶ್ ಕಮೂನಿಯನ್ನು ಹಕೀಮರನ್ನು ಕೇಳಿ ತೆಗೆದುಕೊಳ್ಳಬಹುದು. ಆದರೆ ಜವಾರಿಶ್‌ಗಳನ್ನು ಜೇನು ಅಥವಾ ಸಕ್ಕರೆ ಪಾಕದಲ್ಲಿ ಮಾಡುತ್ತಾರೆ. ಸಕ್ಕರೆ ಕಾಯಿಲೆಯ ಆ ಗೆಳೆಯನಿಗೆ ನಿಮ್ಮ ಡಬ್ಬಿಯಿಂದ ಒಂದು ಚಮಚ ತೆಗೆದು ಕೊಟ್ಟುಬಿಡಬೇಡಿ.