ಇಂಗ್ಲಿಷ್ ಅನುವಾದದಲ್ಲಿ ಕ್ಯಾಲ್ವಿನನ ಮಹಾಗ್ರಂಥ

ಹದಿನಾರನೆಯ ಶತಮಾನದ ಮತಸುಧಾರಣೆಯ ದೈವಶಾಸ್ತ್ರವನ್ನು ಅಭ್ಯಾಸ ಮಾಡುವ ನಮ್ಮ ವಿದ್ಯಾರ್ಥಿಗಳು ಬಹುಮಟ್ಟಿಗೆ ಇಂಗ್ಲಿಷ್ ಅನುವಾದಗಳನ್ನೇ ಆಶ್ರಯಿಸಬೇಕಾಗಿದೆ. ಇದರಲ್ಲಿ ನಾಚಬೇಕಾದುದೇನೂ ಇಲ್ಲ. ಆದರೆ ಅನುವಾದದ ಪದವನ್ನೇ ಹಿಡಿದು ಸಿದ್ಧಾಂತವನ್ನು ಕಟ್ಟಹೊರಟರೆ ಗ್ರಂಥಕರ್ತನು ಆಡದ ಮಾತುಗಳ ಹೊಣೆ ಅವನ ಮೇಲೆ ಬೀಳುತ್ತದೆ. ಇದಕ್ಕೆ ಕ್ಯಾಲ್ವಿನನ 'ಇನ್‌ಸ್ಟಿಟ್ಯೂಟ್ಸ್' ಒಳ್ಳೆಯ ನಿದರ್ಶನ.

ಈ ಗ್ರಂಥವು 1536ರಲ್ಲಿ ಬಾಸೆಲ್ ನಗರದಲ್ಲಿ ಆರು ಅಧ್ಯಾಯಗಳ ಸಣ್ಣ ಪುಸ್ತಕವಾಗಿ ಅಚ್ಚಾಯಿತು. (1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳ ಸಂಸ್ಥೆಯೂ ಅದೇ ಊರಿನದು.) ಕರ್ತೃವೇ ಮತ್ತೆ ಮತ್ತೆ ಬೆಳೆಸಿದುದರಿಂದ 1559ರ ವೇಳೆಗೆ ಅದು ನಾಲ್ಕು ಭಾಗಗಳ, ಎಂಬತ್ತು ಅಧ್ಯಾಯಗಳ ಬೃಹದ್ಗ್ರಂಥವಾಯಿತು. ನಾರ್ಟನ್ (1561), ಅಲೆನ್ (1813), ಬೆವರಿಜ್ (1845), ಬ್ಯಾಟಲ್ಸ್ (1960) ಇವರೆಲ್ಲರೂ ಅನುವಾದಿಸಿರುವುದು ಈ ಕೊನೆಯ ಪಾಠವನ್ನೇ. ಲ್ಯಾಟಿನ್ ಹೆಸರು ಏಕವಚನ. 'ಬೋಧನೆ' ಎಂಬುದು ಅದರ ಅರ್ಥ. ನಾರ್ಟನನು ಏಕವಚನವನ್ನು ಉಳಿಸಿಕೊಂಡಿದ್ದನು. ಅಲೆನನು ಬಹುವಚನ ಮಾಡಿದನು. ಅದೇ ರೂಢಿಯಾಗಿ, ಕೇಳಿದವರಿಗೆ ಯಾವುದೋ ಕಾನೂನಿನ ಗ್ರಂಥವೆಂಬ ಭಾವನೆಯನ್ನು ಹುಟ್ಟಿಸುತ್ತಿದೆ.

ಕೊನೆಯ ಪಾಠವೊಂದನ್ನೇ ಓದುವವರಿಗೆ ಗ್ರಂಥದ ಬೆಳವಣಿಗೆ ಕಾಣುವುದಿಲ್ಲ. 1539ರ ಪಾಠದಲ್ಲಿ ದೈವಸಂಕಲ್ಪಿತ ಆಯ್ಕೆಯೂ ದೇವರ ಪಾಲನೆಯೂ ಒಂದೇ ಅಧ್ಯಾಯದಲ್ಲಿದ್ದವು. 1559ರಲ್ಲಿ ಪಾಲನೆಯ ವಿಷಯ ಮೊದಲನೆಯ ಭಾಗದಲ್ಲಿಯೇ ನಿಂತಿತು. ಆಯ್ಕೆಯ ವಿಷಯ ಮಾತ್ರ ಮೂರನೆಯ ಭಾಗದಲ್ಲಿ, ಪ್ರಾರ್ಥನೆಯ ಅಧ್ಯಾಯ ಮುಗಿದ ಮೇಲೆ ಬಂದಿತು. ಕ್ಯಾಲ್ವಿನನು ಈ ಸಿದ್ಧಾಂತದಿಂದಲೇ ಆರಂಭಿಸುತ್ತಾನೆಂದು ಬರೆಯುವವರು ಈ ಸ್ಥಾನವನ್ನು ಗಮನಿಸಬೇಕು. 1536ರ ಪಾಠ 1975ರಲ್ಲಿಯೂ, 1541ರ ಫ್ರೆಂಚ್ ಪಾಠ 2009ರಲ್ಲಿಯೂ ಇಂಗ್ಲಿಷಿಗೆ ಬಂದಿರುವುದರಿಂದ ಹೋಲಿಕೆ ಈಗ ಕಷ್ಟವಲ್ಲ.

ಬ್ಯಾಟಲ್ಸರ ಅನುವಾದದಲ್ಲಿ ಪರಿಚ್ಛೇದಗಳ ಮೇಲಿರುವ ಶೀರ್ಷಿಕೆಗಳು ಕ್ಯಾಲ್ವಿನನವಲ್ಲ. ಅವನ್ನು ಅವನ ವಾಕ್ಯಗಳೆಂದು ಉದ್ಧರಿಸಕೂಡದು. ಅಧ್ಯಾಯಗಳ ಶೀರ್ಷಿಕೆಗಳು ಮಾತ್ರ ಅವನವೇ.

ಎಲ್ಲಕ್ಕಿಂತ ಹೆಚ್ಚಿನ ತೊಡಕು ಎರಡನೆಯ ಭಾಗದಲ್ಲಿದೆ. ಲ್ಯಾಟಿನಿನಲ್ಲಿ 'ವೊಲುಂಟಾಸ್' ಬೇರೆ, 'ಆರ್ಬಿಟ್ರಿಯಮ್' ಬೇರೆ. ಮೊದಲನೆಯದು ಇಚ್ಛೆ; ಎರಡನೆಯದು ಇದು ಬೇಕು, ಅದು ಬೇಡ ಎಂದು ತೀರ್ಮಾನಿಸುವ ಅಧಿಕಾರ. ಇಂಗ್ಲಿಷಿನಲ್ಲಿ ಎರಡಕ್ಕೂ 'ವಿಲ್' ಎಂಬ ಒಂದೇ ಪದ ಬಳಕೆಯಲ್ಲಿದೆ. ಆ ಭಾಗದ ಎರಡನೆಯ ಅಧ್ಯಾಯದ ಶೀರ್ಷಿಕೆಯಲ್ಲಿ ಮನುಷ್ಯನು ಕಳೆದುಕೊಂಡುದು ಬೆವರಿಜರ ಪ್ರಕಾರ ಇಚ್ಛೆಯ ಸ್ವಾತಂತ್ರ್ಯ, ಬ್ಯಾಟಲ್ಸರ ಪ್ರಕಾರ ಆಯ್ಕೆಯ ಸ್ವಾತಂತ್ರ್ಯ. ಮುಂದಿನ ಅಧ್ಯಾಯದಲ್ಲಾದರೋ ಪತನಾನಂತರವೂ ಇಚ್ಛೆ ಉಳಿದಿದೆ, ಕೆಟ್ಟಿರುವುದು ಅದರ ಆರೋಗ್ಯ ಎಂದು ಕ್ಯಾಲ್ವಿನನು ವಾದಿಸುತ್ತಾನೆ. ಮನುಷ್ಯನು ಪಾಪ ಮಾಡುವುದು ಅನಿವಾರ್ಯವಾದರೂ ಬಲಾತ್ಕಾರದಿಂದಲ್ಲ, ಇಷ್ಟಪಟ್ಟೇ ಮಾಡುತ್ತಾನೆ, ಆದುದರಿಂದಲೇ ಅವನು ಹೊಣೆಗಾರ. ಈ ಭೇದವನ್ನು ಮರೆತರೆ ಕ್ಯಾಲ್ವಿನನ ಮನುಷ್ಯನು ಸೂತ್ರದ ಬೊಂಬೆಯಾಗುತ್ತಾನೆ, ಶಿಕ್ಷೆ ಅನ್ಯಾಯವಾಗುತ್ತದೆ. ಹಾಗೆಂದು ಅವನನ್ನು ಖಂಡಿಸುವ ಉತ್ತರಗಳು ನಮಗೆ ಅಪರೂಪವಲ್ಲ.

ಕನ್ನಡದಲ್ಲಿ ಬರೆಯುವಾಗ ತೊಡಕು ಇಮ್ಮಡಿಯಾಗುತ್ತದೆ. ಇಂಗ್ಲಿಷಿನಿಂದ ನೇರವಾಗಿ 'ಇಚ್ಛಾಸ್ವಾತಂತ್ರ್ಯ' ಎಂದರೆ ಕಳೆದುಹೋದ ಭೇದ ಮರಳಿ ಬರುವುದಿಲ್ಲ. 'ವೊಲುಂಟಾಸ್'ಗೆ 'ಇಚ್ಛೆ' ಎಂದೂ, 'ಆರ್ಬಿಟ್ರಿಯಮ್'ಗೆ 'ನಿರ್ಣಯ' ಎಂದೂ ಬಳಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ. 'ನಿರ್ಣಯಸ್ವಾತಂತ್ರ್ಯ' ಎಂಬ ಮಾತು ಕಿವಿಗೆ ತುಸು ಒರಟಾಗಿದೆ. ಆದರೂ ಇಂಗ್ಲಿಷ್ ಪುಟದಲ್ಲಿ 'ವಿಲ್' ಕಂಡಾಗಲೆಲ್ಲ ಲ್ಯಾಟಿನ್ ಪುಟವನ್ನು ತೆರೆದು ನೋಡುವಂತೆ ಅದು ನಮ್ಮನ್ನು ಒತ್ತಾಯಪಡಿಸುತ್ತದೆ.