ಕೊನ್ನಾರಿಯನ್ನು ಗುರುತಿಸುವ ಬಗೆ

ಜೇಕಿನ ಜಾತಿಯ ಕಳೆಗಳಲ್ಲಿ ತೋಟಗಳಿಗೂ ಗೋಮಾಳಗಳಿಗೂ ಅತ್ಯಂತ ಹಾನಿಕರವಾದುದು ಕೊನ್ನಾರಿ. ಇದಕ್ಕೆ ತುಂಗೆಹುಲ್ಲೆಂಬ ಹೆಸರೂ ಉಂಟು. ಗ್ರಂದಿಗೆ ಅಂಗಡಿಯಲ್ಲಿ ಭದ್ರಮುಷ್ಟಿಯೆಂದು ಮಾರುವುದು ಇದರ ಗೆಡ್ಡೆಯನ್ನೇ. ಜಮೀನಿನ ಯಜಮಾನರು ಅನೇಕರು ಇದನ್ನು ಹುಲ್ಲೆಂದು ಭಾವಿಸಿ, ಮೇಲಿನ ಎಲೆಗಳನ್ನು ಕೊಯ್ಯಿಸಿ ಸುಮ್ಮನಾಗುವರು. ಕೆಲವೇ ದಿನಗಳಲ್ಲಿ ಪುನಃ ಚಿಗುರು ಕಾಣುವುದು. ಕೊಟ್ಟ ಕೂಲಿಯೆಲ್ಲವೂ ವ್ಯರ್ಥವಾಗುವುದು.

ಹುಲ್ಲಿನ ಕಾಂಡವು ದುಂಡಗಿದ್ದು ಗೆಣ್ಣುಗಳಿಂದ ಕೂಡಿರುತ್ತದೆ. ಕೊನ್ನಾರಿಯ ಹೂದಂಟನ್ನು ಎರಡು ಬೆರಳುಗಳ ನಡುವೆ ಹೊರಳಿಸಿದರೆ ಮೂರು ಅಂಚುಗಳು ಕೈಗೆ ತಗಲುವುವು. ಅದರಲ್ಲಿ ಗೆಣ್ಣೂ ಇಲ್ಲ, ಟೊಳ್ಳೂ ಇಲ್ಲ. ಹೊಳಪುಳ್ಳ ಕಡುಹಸುರಾದ ಎಲೆಗಳು ಬುಡದಿಂದಲೇ ಮೂರು ಸಾಲಾಗಿ ಹೊರಡುವುವು. ಹೂಗೊಂಚಲು ಕೆಂಗಂದು ಬಣ್ಣದ್ದು.

ಆದರೆ ಇಷ್ಟರಿಂದಲೇ ನಿಶ್ಚಯಿಸಲಾಗದು. ಗದ್ದೆಗಳಲ್ಲಿ ಬೀಜದಿಂದ ಹುಟ್ಟುವ ಬೇರೆ ಜೇಕುಗಳಿಗೂ ಮುಮ್ಮೂಲೆಯ ದಂಟೇ ಇರುತ್ತದೆ. ಅವುಗಳಿಗೆ ನಾರುಬೇರು ಮಾತ್ರವಿದ್ದು, ಬೀಜ ಕಟ್ಟುವ ಮುನ್ನ ಕಿತ್ತರೆ ಗಿಡದ ಉಪದ್ರವವು ಅಲ್ಲಿಗೇ ತೀರಿತು. ಸಂದೇಹವಿರುವಲ್ಲಿ ಗಿಡವನ್ನು ಕೈಯಿಂದ ಎಳೆಯದೆ, ಸುತ್ತಲಿನ ಮಣ್ಣನ್ನು ಗುದ್ದಲಿಯಿಂದ ಮೆಲ್ಲನೆ ಎತ್ತಿಸಿ ನೋಡಬೇಕು. ತಂತಿಯಂತಹ ಬೇರಿನಲ್ಲಿ ಮಣಿಸರದಂತೆ ಪೋಣಿಸಿದ, ಕಪ್ಪು ಸಿಪ್ಪೆಯ ಸಣ್ಣ ಗೆಡ್ಡೆಗಳು ಕಂಡರೆ ಅದು ಕೊನ್ನಾರಿಯೇ. ಗೆಡ್ಡೆಯನ್ನು ಜಜ್ಜಿದರೆ ಸುವಾಸನೆಯುಂಟು, ರುಚಿ ಕಹಿ.

ಕೇಡೆಲ್ಲವೂ ಈ ಸರದಲ್ಲಿಯೇ ಇದೆ. ಸರವು ಅಖಂಡವಾಗಿರುವಾಗ ಬಹಳ ಗೆಡ್ಡೆಗಳು ಮೊಳೆಯದೆ ನಿದ್ರಿಸುತ್ತಿರುವುವು. ಗಿಡವನ್ನು ಎಳೆದಾಗ ಸರವು ಹರಿದು, ಮಣ್ಣಿನಲ್ಲುಳಿದ ಗೆಡ್ಡೆಗಳು ಬೇರೆಬೇರೆಯಾಗಿ ಚಿಗುರುವುವು. ಹಸಿ ನೆಲದಲ್ಲಿ ರೋಟವೇಟರ್ ಹೊಡೆಸುವುದಂತೂ ಈ ಕಳೆಯನ್ನು ಹಣ ಕೊಟ್ಟು ಬಿತ್ತಿಸಿದಂತೆಯೇ ಸರಿ.

ಬಹುಪಾಲು ಗೆಡ್ಡೆಗಳು ಮೇಲಿನ ೬ ಅಂಗುಲ ಮಣ್ಣಿನಲ್ಲಿರುವುದರಿಂದ, ಕಡುಬೇಸಿಗೆಯಲ್ಲಿ ನೆಲವು ಒಣಗಿರುವಾಗ ಉತ್ತು, ಅವುಗಳನ್ನು ಮೇಲೆ ತಂದು ಬಿಸಿಲಿಗೆ ಒಡ್ಡತಕ್ಕದ್ದು. ಚೆನ್ನಾಗಿ ಒಣಗಿದ ಗೆಡ್ಡೆಯು ಮೊಳೆಯಲಾರದು. ನಡುವೆ ಮಳೆ ಬಿದ್ದರೆ ಮಾತ್ರ ಈ ಕೆಲಸವು ಕೆಡುವುದು. ಮಳೆಗಾಲದಲ್ಲಿ ಎರಡು ಮೂರು ವಾರಗಳಿಗೊಮ್ಮೆ ಬಿಡದೆ ಕಳೆ ತೆಗೆಸಿದರೆ, ಹೊಸ ಗೆಡ್ಡೆ ಕಟ್ಟಲು ಅವಕಾಶ ಸಿಕ್ಕದೆ ಹಳೆಯವು ಸೊರಗುವುವು. ಕೊನ್ನಾರಿಯು ನೆರಳನ್ನು ಸಹಿಸದಾದಕಾರಣ, ತೋಟದ ಸಾಲುಗಳ ನಡುವೆ ಒತ್ತಾಗಿ ಅಲಸಂದೆಯನ್ನೋ ಸೆಣಬನ್ನೋ ಬಿತ್ತುವುದು ಲೇಸು. ಗೋಮಾಳದಲ್ಲಿ ಉಳುವುದಕ್ಕಾಗದು; ಅಲ್ಲಿ ದನಗಳು ಅತಿಯಾಗಿ ಮೇದು ನೆಲವನ್ನು ಬೋಳಾಗಿಸದಂತೆ ನೋಡಿಕೊಂಡು, ಒಳ್ಳೆಯ ಹುಲ್ಲು ದಟ್ಟವಾಗುವಂತೆ ಮಾಡುವುದೇ ಉಪಾಯ.

ಕಿತ್ತ ಗೆಡ್ಡೆಗಳನ್ನು ತಿಪ್ಪೆಗೆ ಹಾಕಿಸಬಾರದು, ಒಣಗಿಸಿ ಸುಡಿಸಬೇಕು. ನರ್ಸರಿಯಿಂದ ಸಸಿ ತರುವಾಗಲೂ, ಊರಿನ ಕೆಲಸಕ್ಕೆಂದು ಮಣ್ಣು ಹೊಡೆಸುವಾಗಲೂ, ಆ ಮಣ್ಣನ್ನು ಒಂದು ಹಿಡಿ ಒಡೆದು ನೋಡಿಯೇ ಒಪ್ಪಿಕೊಳ್ಳತಕ್ಕದ್ದು.